ಮ್ಯಾನೇಜರ್ ಸಾಹೇಬರ ಮೂವತ್ತೈದು ಮಾರ್ಕ್ಸು

ನಗರಸಭೆಗಳ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ, ಅದರಲ್ಲಿ ಒಂದು ಅಧ್ಯಾಯವನ್ನು ನಮ್ಮ ಟಪಾಲು ವಿಭಾಗದ ಫ್ಯಾನಿಗೆ ಮೀಸಲಿಡಲೇಬೇಕಾಗುತ್ತದೆ. ಈ ಫ್ಯಾನು ತಿರುಗುತ್ತಿರಲಿಲ್ಲ ಎಂದರೆ ಅದಕ್ಕೆ ಅನ್ಯಾಯ ಮಾಡಿದಂತೆ. ತಿರುಗುತ್ತಿತ್ತು. ಬೆಳಿಗ್ಗೆ ಕಚೇರಿ ತೆರೆದಾಗಿನಿಂದ ಸಂಜೆ ಬಾಗಿಲು ಹಾಕುವವರೆಗೂ ನಿಷ್ಠೆಯಿಂದ, ಸದ್ದು ಮಾಡಿಕೊಂಡು ತಿರುಗುತ್ತಿತ್ತು. ಗಾಳಿ ಮಾತ್ರ ಬರುತ್ತಿರಲಿಲ್ಲ. ಈ ವಿಷಯದಲ್ಲಿ ಅದು ನಗರಸಭೆಯ ಉಳಿದ ಸಿಬ್ಬಂದಿಗಿಂತ ಬೇರೆಯೇನಲ್ಲ ಎಂದು ಹೊರಗಿನವರು ಆಡಿಕೊಳ್ಳುತ್ತಿದ್ದರು. ಹೊರಗಿನವರ ಬಾಯಿ ಮುಚ್ಚಿಸುವುದು ಯಾರಿಂದಾದೀತು?

ನೌಕರರ ಸಂಘದ ಅಧ್ಯಕ್ಷರು ಈ ಫ್ಯಾನಿನ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದಿರಲೇಬೇಕು. ಆದರೆ ಕಚೇರಿಯಲ್ಲಿ ಎಲ್ಲರಿಗೂ ಅವರು ‘ಧಿಕ್ಕಾರ’. ಟೀಗೆ ಸಕ್ಕರೆ ಕಡಿಮೆಯಾದರೂ ಅವರು ಎದ್ದು ನಿಂತು ಮುಷ್ಟಿ ಎತ್ತಿಯೇ ಕೇಳುತ್ತಿದ್ದರು. ಧಿಕ್ಕಾರ ನೇರವಾಗಿ ಮ್ಯಾನೇಜರ್ ಸಾಹೇಬರ ಕೋಣೆಗೆ ನುಗ್ಗಿ ಫ್ಯಾನಿನ ಕಥೆ ಹೇಳಿದರು. ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡು, “ನೋಡೋಣ” ಎಂದರು.

ಸಾಹೇಬರು ಕೆಟ್ಟವರಲ್ಲ. ಇಡೀ ಊರಿನ ನೀರು, ದೀಪ, ಕಸ, ಚರಂಡಿ ಎಲ್ಲವೂ ಅವರ ಒಂದು ಸಹಿಗಾಗಿ ಮೇಜಿನ ಮೇಲೆ ಗುಡ್ಡವಾಗಿ ಬಿದ್ದಿರುತ್ತಿದ್ದವು. ಆ ಗುಡ್ಡವನ್ನು ಓದಿ ಕರಗಿಸುವುದು ಮನುಷ್ಯಮಾತ್ರರಿಂದ ಆಗದೆಂದು ಅವರಿಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಮನವರಿಕೆಯಾಗಿತ್ತು. ಅಂದಿನಿಂದ ಬಾಯಲ್ಲಿ ಕೇಳಿದವರಿಗೆಲ್ಲ ‘ನೋಡೋಣ’ ಎನ್ನುವುದು, ಕಾಗದದಲ್ಲಿ ಕೇಳಿದವರಿಗೆಲ್ಲ ನೋಡದೆ ಸಹಿ ಹಾಕುವುದು ಅವರ ಆಡಳಿತ ನೀತಿಯಾಗಿತ್ತು.

ಇದು ಧಿಕ್ಕಾರರಿಗೆ ಗೊತ್ತಿರಲಿಲ್ಲ. ಕಾಗದ ಬರೆಯುವುದು ಹೇಡಿಗಳ ಲಕ್ಷಣವೆಂದು ನಂಬಿದ್ದ ಅವರು ಅಂದು ಸಂಜೆಯೇ ಸೈಕಲ್ ಸ್ಟ್ಯಾಂಡಿನಲ್ಲಿ ಸಂಘದ ತುರ್ತುಸಭೆ ಕರೆದರು.

“ಬಂಧುಗಳೇ! ವರ್ಷಾ ವರ್ಷಾ ಅವರು ನಮಗೆ ಮಾರ್ಕ್ಸ್ ಹಾಕ್ತಾರೆ. ಇವನು ಸೋಮಾರಿ, ಇವನು ಲೇಟು, ಇವನು ಎದುರು ಮಾತಾಡ್ತಾನೆ ಅಂತ ಬರೀತಾರೆ. ಈ ಸಲ ನಾವು ಅವರಿಗೆ ಹಾಕ್ತೀವಿ! ಮುಂದಿನ ತಿಂಗಳು ಈ ಮ್ಯಾನೇಜರನ್ನ ಮುಂದುವರಿಸಬೇಕೋ ಮನೆಗೆ ಕಳಿಸಬೇಕೋ ಅಂತ ಕೌನ್ಸಿಲ್ ಕೂರುತ್ತೆ. ನಮ್ಮ ಮಾರ್ಕ್ಸ್ ಕಾರ್ಡು ಅಲ್ಲಿಗೆ ಹೋಗಬೇಕು. ಏನಂತೀರಿ?”

ಎಲ್ಲರೂ ಚಪ್ಪಾಳೆ ತಟ್ಟಿದರು.

“ಹಾಗಾದ್ರೆ ಮಾರ್ಕ್ಸ್ ಹಾಕಿ ಕೆಳಗೆ ಸಹಿ ಮಾಡೋರು ಯಾರು?”

ಚಪ್ಪಾಳೆ ನಿಂತಿತು. ದೀಪದ ವಿಭಾಗದವರು ತಮ್ಮ ಚಪ್ಪಲಿಯ ಉಂಗುಷ್ಠವನ್ನು ಪರೀಕ್ಷಿಸತೊಡಗಿದರು. ಚರಂಡಿ ವಿಭಾಗದವರಿಗೆ ಇದ್ದಕ್ಕಿದ್ದಂತೆ ಸೈಕಲ್ಲಿನ ಗಾಳಿ ಕಡಿಮೆಯಾದಂತೆ ಕಂಡಿತು. ಇಂಥ ಚಾರಿತ್ರಿಕ ಮೌನದ ನಡುವೆ, ಸಭೆಯ ಖಾಲಿ ಗ್ಲಾಸುಗಳನ್ನು ಕ್ಯಾಂಟೀನಿಗೆ ಕೊಟ್ಟು ಮರಳುತ್ತಿದ್ದ ಟಪಾಲು ಗುಮಾಸ್ತರು ಒಳಗೆ ಕಾಲಿಟ್ಟರು.

“ಬಂದ್ರು ನೋಡಿ!” ಎಂದರು ಧಿಕ್ಕಾರ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಯಾವ ನಿರ್ಣಯವೆಂದು ಗುಮಾಸ್ತರಿಗೆ ಆಮೇಲೆ ತಿಳಿಸಲಾಯಿತು.

ನಮ್ಮ ಕಥಾನಾಯಕರು ಇವರೇ. ಇವರ ಅಡ್ಡಹೆಸರು ‘ಮೂಲಕ’. ಕೆಲಸಕ್ಕೆ ಸೇರಿದ ದಿನ ಯಾರೋ ಹಿರಿಯರು, “ಯಾವ ಕಾಗದವನ್ನೂ ನೇರ ಕಳಿಸಬೇಡಪ್ಪ, ಮೇಲಿನವರ ಮೂಲಕ ಕಳಿಸು” ಎಂದಿದ್ದರು. ಅಂದಿನಿಂದ ಇವರು ಯಾವುದನ್ನೂ ನೇರ ಕಳಿಸಿದವರಲ್ಲ. ಒಮ್ಮೆ ಕಚೇರಿಯ ಹಿಂದಿನ ಕಸಕ್ಕೆ ಬೆಂಕಿ ಹತ್ತಿದಾಗ ಅಗ್ನಿಶಾಮಕ ದಳಕ್ಕೆ ಸೂಪರಿಂಟೆಂಡೆಂಟರ ಮೂಲಕ ಪತ್ರ ಬರೆದಿದ್ದರು. ದಳ ಬರುವಷ್ಟರಲ್ಲಿ ಬೆಂಕಿ ತನ್ನ ಕೆಲಸ ಮುಗಿಸಿ ಹೊರಟುಹೋಗಿತ್ತು.

“ಹದಿನೈದು ದಾಟಬಾರದು” ಎಂದು ಧಿಕ್ಕಾರ ಅವರ ಹೆಗಲ ಮೇಲೆ ಕೈಯಿಟ್ಟರು.

“ಏನು ಹದಿನೈದು?”

“ಮಾರ್ಕ್ಸ್ ಕಣ್ರೀ! ನೂರಕ್ಕೆ!”

ಮೂಲಕರು ಮನೆಗೆ ಹೋಗುವ ದಾರಿಯುದ್ದಕ್ಕೂ ಹೆದರಿದರು. ಆದರೆ ಮನೆಯ ಮೆಟ್ಟಿಲು ಹತ್ತುವಾಗ ಹೆದರಿಕೆಯ ಜಾಗದಲ್ಲಿ ನಿಧಾನವಾಗಿ ಇನ್ನೇನೋ ತುಂಬಿಕೊಳ್ಳತೊಡಗಿತು. ನೌಕರರ ವಸತಿಗೃಹದ ಮೂರನೆಯ ಮಹಡಿ ಅದು. ಹತ್ತಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಬಾಗಿಲಲ್ಲಿ ಬೂಟು ಬಿಚ್ಚುತ್ತ ಅವರು, ಹವಾಮಾನದ ಬಗ್ಗೆ ಹೇಳುವವರಂತೆ ಹೇಳಿದರು:

“ಇನ್ಮೇಲೆ ಮ್ಯಾನೇಜರು ಪಾಸೋ ಫೇಲೋ, ನನ್ನ ಕೈಲಿದೆ.”

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಹೆಂಡತಿ ಹೊರಗೆ ಬಂದರು. ಒಳಕೋಣೆಯ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದ ಅತ್ತೆಯ ಕಿವಿ ನಿಮಿರಿತು.

ಈ ಅತ್ತೆಯವರ ಮಂಡಿಗಳೇ ಆ ಮನೆಯ ಮುಖ್ಯ ಸಮಸ್ಯೆ. ಮಗಳ ಮನೆಗೆಂದು ಮೂರು ಮಹಡಿ ಹತ್ತಿ ಬಂದವರು ಮತ್ತೆ ಇಳಿದಿರಲಿಲ್ಲ. ಹಗ್ಗಕ್ಕೆ ಬುಟ್ಟಿ ಕಟ್ಟಿ ಬಾಲ್ಕನಿಯಿಂದ ಇಳಿಬಿಟ್ಟು ತರಕಾರಿ ಕೊಳ್ಳುತ್ತಿದ್ದರು, ಜಗಳವನ್ನೂ ಅಲ್ಲಿಂದಲೇ ಆಡುತ್ತಿದ್ದರು. ಕೆಳಗೆ ನೆಲಮಹಡಿಯ ಮನೆಯೊಂದು ಖಾಲಿ ಬಿದ್ದು ಬಹಳ ಕಾಲವಾಗಿತ್ತು. ಮೂಲಕರು ಅದಕ್ಕೆ ಅರ್ಜಿ ಹಾಕಿದ್ದರು. ಅರ್ಜಿ ಹಲವರ ಮೂಲಕ ಹೋಗಿ, ‘ಮ್ಯಾನೇಜರರು ಖುದ್ದು ಬಂದು ಮನೆಯ ಪರಿಸ್ಥಿತಿ ನೋಡತಕ್ಕದ್ದು’ ಎಂಬ ನಿಯಮದ ಬಳಿ ಬಂದು ಕುಳಿತಿತ್ತು. ಹೆಂಡತಿಯ ಕಾಟ ತಡೆಯಲಾರದೆ ಜೀವಮಾನದಲ್ಲಿ ಒಮ್ಮೆ ಮೂಲಕರು ಸಾಹೇಬರನ್ನು ನೇರವಾಗಿ ಕೇಳಿದ್ದೂ ಉಂಟು. ಸಿಕ್ಕ ಉತ್ತರವನ್ನು ಇಲ್ಲಿ ಮತ್ತೆ ಬರೆಯಬೇಕಾಗಿಲ್ಲ.

ಅತ್ತೆಯವರು ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಮೂವರೂ ಕುಳಿತಿದ್ದರೂ ಎಲ್ಲವೂ ಮಗಳ ಮೂಲಕವೇ. ಈ ಒಂದು ಕಾರಣಕ್ಕೆ ಮೂಲಕರಿಗೆ ಅತ್ತೆಯ ಮೇಲೆ ಅಪಾರ ಗೌರವವಿತ್ತು.

“ಹಾಗಿದ್ರೆ ಕೆಳಗಿನ ಮನೆ ಸಿಗುತ್ತಾ ಅಂತ ನಿಮ್ಮ ಯಜಮಾನ್ರನ್ನ ಕೇಳೇ.”

“ರೀ, ಕೆಳಗಿನ ಮನೆ ಸಿಗುತ್ತಾ ಅಂತೆ.”

“ಅದು ಬೇರೆ, ಇದು ಬೇರೆ ಅಂತ ಹೇಳು.”

“ಬೇರೆ ಬೇರೆ ಅಂತೆ ಅಮ್ಮಾ.”

“ನೂರಕ್ಕೆ ನೂರು ಹಾಕಿ, ಮನೆ ಈಸ್ಕೊಳ್ಳೋಕೆ ಹೇಳು. ನನ್ನ ಮಂಡಿಗೆ ಬೇರೆ ಬೇರೆ ಗೊತ್ತಾಗಲ್ಲ ಅಂತ್ಲೂ ಹೇಳು.”

ಬೆಳಗಾಗುವಷ್ಟರಲ್ಲಿ ಸುದ್ದಿ ಎದುರು ಮನೆಗೆ ಹೋಗಿ, ಅಲ್ಲಿಂದ ಮೆಟ್ಟಿಲಿಳಿದು, ಬೀದಿ ದಾಟಿ, ದಪ್ಪವಾಗಿ ಹಿಂದಿರುಗಿತ್ತು. ತರಕಾರಿಯವನು ಕೆಳಗಿನಿಂದಲೇ ಕೂಗಿದ: “ಅಮ್ಮಾ, ನಿಮ್ಮ ಅಳಿಯಂದ್ರು ಮ್ಯಾನೇಜರಿಗೂ ಮ್ಯಾನೇಜರಂತೆ?”

“ಗೊತ್ತಾಯ್ತಲ್ಲ? ಇನ್ನಾದ್ರೂ ಹುಳುಕು ಬದನೆಕಾಯಿ ಬುಟ್ಟಿಗೆ ಹಾಕಬೇಡ!”

ಮೂಲಕರು ಹಲ್ಲುಜ್ಜುತ್ತಿರುವಾಗಲೇ ಎದುರು ಮನೆಯಾಕೆ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಖಾಲಿ ಕೊಡ ತೋರಿಸಿ ಹೋದರು. ಮೇಲಿನ ಮನೆಯವರು ತಮ್ಮ ಮೈದುನನಿಗೆ ವರ್ಗ ಬೇಕೆಂದರು. ಬೀದಿಯ ಕೊನೆಯವರು ಬೀದಿಯ ದೀಪವನ್ನು ತಮ್ಮ ಮನೆಯ ಕಿಟಕಿಯಿಂದ ಆಚೆಗೆ ಸರಿಸಬೇಕೆಂದರು. ಮೂಲಕರು ಬಾಯಿ ತುಂಬ ನೊರೆ ಇಟ್ಟುಕೊಂಡು ಎಲ್ಲರಿಗೂ ತಲೆಯಾಡಿಸಿದರು. ಬಾಯಿ ತೊಳೆದ ಮೇಲೆ ಬಂದವರಿಗೆ ಹೇಳಿದ ಮಾತು ಕೇಳಿ ಅವರಿಗೇ ಆಶ್ಚರ್ಯವಾಯಿತು.

“ನೋಡೋಣ” ಎಂದಿದ್ದರು.

ಸಂಜೆ ಎರಡನೆಯ ಮಹಡಿಯಿಂದ ನಿವೃತ್ತ ಹೆಡ್‌ಮಾಸ್ಟರು ಹತ್ತಿ ಬಂದರು. ನೀರು ವಿಭಾಗದಲ್ಲಿರುವ ಮಗನ ಜೊತೆ ಇರುತ್ತಿದ್ದ ಅವರಿಗೆ ನಿವೃತ್ತಿಯಾದಾಗಿನಿಂದ ಫೇಲು ಮಾಡಲು ಯಾರೂ ಸಿಕ್ಕಿರಲಿಲ್ಲ. ಕೆಂಪು ಪೆನ್ನನ್ನು ಮನೆಯಿಂದಲೇ ತಂದಿದ್ದರು.

“ಮಾರ್ಕ್ಸ್ ಹಾಕೋದು ಅಂದ್ರೆ ಹುಡುಗಾಟ ಅಲ್ಲ ಕಣಯ್ಯ. ಯೂನಿಯನ್ನಿನವರು ಎಷ್ಟು ಕೇಳ್ತಾರೆ?”

“ಹದಿನೈದರೊಳಗೆ.”

“ಮನೇಲಿ?”

“ನೂರು.”

“ಇಂಥ ಕಡೆ ನಾನು ಯಾವಾಗ್ಲೂ ಮೂವತ್ತೈದು ಹಾಕ್ತಿದ್ದೆ. ಪಾಸೂ ಆಗುತ್ತೆ, ಮರ್ಯಾದೆಯೂ ಹೋಗುತ್ತೆ. ಎರಡು ಕಡೆಯವರಿಗೂ ಸಮಾಧಾನ.”

ಮೂಲಕರು ಸಮಯಪಾಲನೆಗೆ ಇಷ್ಟು, ಸೌಜನ್ಯಕ್ಕೆ ಇಷ್ಟು, ಫ್ಯಾನಿಗೆ ಸೊನ್ನೆ ಎಂದು ಹಂಚಿ, ಒಟ್ಟು ಮೂವತ್ತೈದಕ್ಕೆ ಅಡ್ಡಗೆರೆ ಎಳೆದರು. ಹೆಡ್‌ಮಾಸ್ಟರು ಎರಡು ಸಲ ಕೂಡಿ ನೋಡಿ, ಒಂದು ಕಡೆ ಕೆಂಪು ಗುರುತು ಹಾಕಿದ ಮೇಲೆಯೇ ಅವರಿಗೆ ನೆಮ್ಮದಿ.

ಇನ್ನು ಮಾಡಬೇಕಾದ್ದು ಒಂದೇ: ಆ ಹಾಳೆಯನ್ನು ಧಿಕ್ಕಾರರ ಕೈಗೆ ಕೊಡುವುದು. ಯಾರೇ ಆದರೂ ಅದನ್ನೇ ಮಾಡುತ್ತಿದ್ದರು. ಮೂಲಕರು ಮರುದಿನ ಕಚೇರಿಗೆ ಬಂದು, ಬಿಸಿಗಾಳಿಯಲ್ಲಿ ತಿರುಗುತ್ತಿದ್ದ ಫ್ಯಾನಿನ ಕೆಳಗೆ ಕುಳಿತು, ಹಾಳೆಯನ್ನು ಎದುರಿಗಿಟ್ಟುಕೊಂಡರು. ಕೈ ತನ್ನಷ್ಟಕ್ಕೆ ಪೆನ್ನು ತೆಗೆಯಿತು. ಹಾಳೆಯ ನೆತ್ತಿಯ ಮೇಲೆ ಬರೆಯಿತು: ‘ಸೂಪರಿಂಟೆಂಡೆಂಟರ ಮೂಲಕ, ಲೆಕ್ಕಾಧಿಕಾರಿಗಳ ಮೂಲಕ, ಮಾನ್ಯ ಮ್ಯಾನೇಜರರ ಆದೇಶಕ್ಕಾಗಿ ಮಂಡಿಸಿದೆ.’

ಹೀಗೆ ಮ್ಯಾನೇಜರರ ಮಾರ್ಕ್ಸ್ ಕಾರ್ಡು ಮ್ಯಾನೇಜರರ ಒಪ್ಪಿಗೆಗೆಂದು ಮೆಟ್ಟಿಲು ಹತ್ತಿತು.

ಸೂಪರಿಂಟೆಂಡೆಂಟರು ‘ಮೇಲಿನಂತೆ ಮಂಡಿಸಿದೆ’ ಎಂದು ಬರೆದು ಕಳಿಸಿದರು. ಮೇಲೆ ಏನಿದೆ ಎಂದು ನೋಡುವುದು ಅವರ ಕರ್ತವ್ಯವಲ್ಲ. ಆಮೇಲೆ ಅದು ಲೆಕ್ಕಾಧಿಕಾರಿಗಳ ಮೇಜಿಗೆ ಬಂತು. ಅವರ ಅಡ್ಡಹೆಸರು ‘ಕತ್ತರಿ’. ಯಾವ ಅಂಕಿಯನ್ನೂ ಅವರು ಬಂದ ಹಾಗೇ ಬಿಟ್ಟವರಲ್ಲ; ನೂರಕ್ಕೆ ಹತ್ತರಂತೆ ಕತ್ತರಿಸಿಯೇ ಕಳಿಸುತ್ತಿದ್ದರು. ಪೈಪಿನ ಉದ್ದವಿರಲಿ, ಕುರ್ಚಿಯ ಸಂಖ್ಯೆಯಿರಲಿ, ಕತ್ತರಿಗೆ ಎಲ್ಲವೂ ಸಮಾನ. ಇದು ಗೊತ್ತಿದ್ದ ಇಡೀ ಕಚೇರಿ ಬೇಕಾದ್ದಕ್ಕಿಂತ ಅಷ್ಟು ಹೆಚ್ಚೇ ಬರೆಯುತ್ತಿತ್ತು. ಇದ್ದದ್ದನ್ನು ಇದ್ದಷ್ಟೇ ಬರೆಯುತ್ತಿದ್ದವರು ಮೂಲಕರೊಬ್ಬರೇ.

ಕತ್ತರಿಯವರು ಮೂವತ್ತೈದನ್ನು ಹೊಡೆದು ಹಾಕಿ, ‘ಮೂವತ್ತೊಂದೂವರೆಗೆ ಸೀಮಿತಗೊಳಿಸಿ ಶಿಫಾರಸು ಮಾಡಿದೆ’ ಎಂದು ಬರೆದರು.

ಮ್ಯಾನೇಜರ್ ಸಾಹೇಬರು ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಯಾರಿಗೋ ‘ನೋಡೋಣ’ ಎನ್ನುತ್ತ, ‘ಒಪ್ಪಿದೆ. ಪ್ರಕಟಿಸಿ’ ಎಂದು ಸಹಿ ಹಾಕಿದರು.

ಮಧ್ಯಾಹ್ನದ ಹೊತ್ತಿಗೆ ಅದು ನೋಟೀಸ್ ಬೋರ್ಡಿನಲ್ಲಿತ್ತು. ನಗರಸಭೆಯ ಮೊಹರಿನೊಂದಿಗೆ, ನಗರಸಭೆಯ ಮ್ಯಾನೇಜರು ಫೇಲಾಗಿರುವುದನ್ನು ನಗರಸಭೆಯ ಮ್ಯಾನೇಜರು ಒಪ್ಪಿದ್ದರು. ಧಿಕ್ಕಾರ ಅದನ್ನು ಮೂರು ಸಲ ಓದಿದರು. ಮೊದಲ ಸಲ ಸಂತೋಷವಾಯಿತು. ಎರಡನೆಯ ಸಲ ಅನುಮಾನವಾಯಿತು. ಮೂರನೆಯ ಸಲ ಸಿಟ್ಟೇ ಬಂತು. ಮುಷ್ಟಿ ಎತ್ತಿದ್ದರು, ಎದುರಾಳಿ ಒಪ್ಪಿಕೊಂಡುಬಿಟ್ಟ ಮೇಲೆ ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಕೊನೆಗೆ ತಲೆ ಕೆರೆದುಕೊಂಡರು.

ಸಾಹೇಬರಿಗೆ ವಿಷಯ ಗೊತ್ತಾದದ್ದು ಮನೆಯಿಂದ.

“ರೀ, ಫೇಲಾಗಿದೀರಂತೆ?” ಫೋನಿನಲ್ಲಿ ಅವರ ಹೆಂಡತಿಯ ದನಿ ಜವಾನನಿಗೂ ಕೇಳಿಸುವಂತಿತ್ತು. “ಪಕ್ಕದ ಮನೆಯವರು ಬಂದು ಸಮಾಧಾನ ಹೇಳಿ ಹೋದ್ರು! ಅದೂ ಮೂರೂವರೆ ಮಾರ್ಕ್ಸಲ್ಲಿ! ನಿಮ್ಮದೇ ಸಹಿ ಇದೆಯಂತೆ ಕೆಳಗೆ. ಯಾರಾದ್ರೂ ಫೇಲಾಗಿ ಒಪ್ಪಿದೆ ಅಂತ ಬರೀತಾರೇನ್ರಿ?”

ಸಾಹೇಬರು “ನೋಡೋಣ” ಎಂದರು. ಫೋನಿನಲ್ಲಿ ಇನ್ನೂ ಬಹಳ ಹೊತ್ತು ಮಾತು ನಡೆಯಿತು. ಅದರ ನಂತರ ಟಪಾಲು ಗುಮಾಸ್ತರಿಗೆ ಕರೆ ಬಂತು.

ಮೂಲಕರು ಬೆವರುತ್ತ ಹೋಗಿ ನಿಂತರು. ಕೆಳಗಿನ ಮನೆ, ಅತ್ತೆಯ ಮಂಡಿ, ಹೆಂಡತಿಯ ಮುಖ, ಎಲ್ಲವೂ ಕಣ್ಣಮುಂದೆ ಸಾಲಾಗಿ ಬಂದು ನಿಂತವು. ಸಾಹೇಬರ ಮುಂದೆ ಆ ಹಾಳೆಯಿತ್ತು. ತಾವು ಸಹಿ ಹಾಕಿದ ಕಾಗದವೊಂದನ್ನು ಅವರು ಓದುತ್ತಿರುವುದು ಅದೇ ಮೊದಲಾದ್ದರಿಂದ ಸ್ವಲ್ಪ ನಿಧಾನವಾಗುತ್ತಿತ್ತು.

“ಇದನ್ನ ನೀವೇ ಏನ್ರಿ ಹಾಕಿದ್ದು?”

“ನಾನು ಮೂವತ್ತೈದು ಹಾಕಿದ್ದೆ ಸಾರ್. ಪಾಸೇ ಮಾಡಿದ್ದೆ. ಲೆಕ್ಕದವರು ಕತ್ತರಿಸಿದ್ರು.”

“ಇದನ್ನ ರದ್ದು ಮಾಡೋಕಾಗಲ್ವಾ?”

“ಆಗುತ್ತೆ ಸಾರ್. ಓದದೆ ಸಹಿ ಹಾಕಿದೆ ಅಂತ ತಾವು ಬರೆದುಕೊಡಬೇಕು.”

ಸಾಹೇಬರು ಹಾಳೆಯನ್ನು ನೋಡಿದರು. ‘ಕಡತಗಳನ್ನು ಓದುವುದು’ ಎಂಬುದರ ಎದುರು ಹೇಗೋ ನಾಲ್ಕು ಮಾರ್ಕ್ಸು ಸಿಕ್ಕಿತ್ತು. ಅದನ್ನೂ ಕಳೆದುಕೊಳ್ಳುವ ಧೈರ್ಯ ಅವರಿಗಾಗಲಿಲ್ಲ. ದನಿ ತಗ್ಗಿಸಿ ಕೇಳಿದರು:

“ಸಪ್ಲಿಮೆಂಟರಿ ಇದೆಯೇನ್ರಿ?”

ಇದೆಯೆಂದು ಹೆಡ್‌ಮಾಸ್ಟರು ಸಂಜೆ ತೀರ್ಪು ಕೊಟ್ಟರು. ಫೇಲಾದವರಿಗೆ ಇನ್ನೊಂದು ಅವಕಾಶ ಕೊಡದಿರಲು ನಾವೇನು ರಾಕ್ಷಸರೇ ಎಂದು ಕೇಳಿದರು. ಈ ಸಲ ಎಷ್ಟು ಹಾಕಬೇಕೆಂಬುದನ್ನೂ ಅವರೇ ಲೆಕ್ಕ ಹಾಕಿದರು: “ಮೂವತ್ತೊಂಬತ್ತು ಹಾಕು. ಆ ಕತ್ತರಿ ಕತ್ತರಿಸಿದ ಮೇಲೂ ಮೂವತ್ತೈದಕ್ಕೆ ಒಂದು ಚೂರು ಮೇಲೇ ಉಳಿಯುತ್ತೆ. ಊರೆಲ್ಲ ಹೆಚ್ಚಿಗೆ ಬರೆಯುತ್ತೆ, ನೀನೊಬ್ಬ ಇದ್ದಷ್ಟೇ ಬರೆದ್ರೆ ಹೇಗಯ್ಯ?”

ಮೂಲಕರಿಗೆ ಜ್ಞಾನೋದಯವಾಯಿತು. ಸ್ವಲ್ಪ ತಡವಾಗಿ ಆಯಿತೆಂಬುದು ಅವರಿಗೆ ಆಗ ತಿಳಿದಿರಲಿಲ್ಲ.

ಸಪ್ಲಿಮೆಂಟರಿಗೆ ಕುಳಿತ ಮ್ಯಾನೇಜರು ಓಡಾಡುವುದನ್ನು ನೋಡಲು ಜನ ಕಾರಿಡಾರಿನಲ್ಲಿ ನಿಲ್ಲತೊಡಗಿದರು. ಸಾಹೇಬರು ಎಲ್ಲರಿಗಿಂತ ಮೊದಲು ಕಚೇರಿಗೆ ಬಂದರು. ಜವಾನನಿಗೆ ನಮಸ್ಕಾರ ಮಾಡಿದರು. ಅವನು ಹೆದರಿ ರಜೆ ಹಾಕಿದ. ಟಪಾಲು ವಿಭಾಗಕ್ಕೆ ಹೊಸ ಫ್ಯಾನು ಬಂತು. ಅದು ತಿರುಗಿದ ರಭಸಕ್ಕೆ ಊರಿನ ಅರ್ಜಿಗಳೆಲ್ಲ ಎದ್ದು ಕಿಟಕಿಯಿಂದ ಹಾರಿದವು. ಮೂಲಕರು ಅವುಗಳ ಹಿಂದೆ ಬೀದಿಯುದ್ದಕ್ಕೂ ಓಡಿದರು. ನೀರಿನ ನಲ್ಲಿಯ ಅರ್ಜಿಯೊಂದು ಹಾರಿಹೋಗಿ ಸಾಕ್ಷಾತ್ ನೀರು ವಿಭಾಗದ ಇಂಜಿನಿಯರರ ಊಟದ ಡಬ್ಬಿಯ ಮೇಲೆ ಬಿತ್ತು. ಮೇಲಿನವರ ಮೂಲಕವಲ್ಲದೆ ನೇರವಾಗಿ ತಲುಪಿದ ಮೊದಲ ಕಾಗದ ಅದೇ. ಎದುರು ಮನೆಯಾಕೆಗೆ ಮರುದಿನವೇ ನೀರು ಬಂತು.

ಕಂಗಾಲಾದವರೆಂದರೆ ಧಿಕ್ಕಾರ. ಮೂಲಕರನ್ನು ಸೈಕಲ್ ಸ್ಟ್ಯಾಂಡಿನ ಮೂಲೆಗೆ ಎಳೆದುಕೊಂಡು ಹೋದರು.

“ಏನ್ರೀ ಮೂಲಕ, ಇದು ಎಲ್ಲಿಗೆ ಬಂತು? ಫ್ಯಾನು ಸರಿಯಾಯ್ತು. ನಾನಿನ್ನು ಯಾವುದರ ವಿರುದ್ಧ ಮಾತಾಡಲಿ? ನಿನ್ನೆ ಎದ್ದು ನಿಂತೆ, ಬಾಯಿಗೆ ಏನೂ ಬರಲಿಲ್ಲ. ದಯವಿಟ್ಟು ಇನ್ನೊಂದ್ಸಲ ಫೇಲ್ ಮಾಡ್ರಿ.”

“ಮೇಲಿನವರ ಮೂಲಕ ಬರೆದುಕೊಡಿ” ಎಂದರು ಮೂಲಕರು.

ಕೌನ್ಸಿಲ್ ಸಭೆ ಹತ್ತಿರ ಬಂತು. ಮಾರ್ಕ್ಸಿನ ಹಾಳೆ ಇನ್ನೂ ಕೈಸೇರದ ಸಾಹೇಬರಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಹೆಂಡತಿಯ ಒತ್ತಾಯಕ್ಕೆ, ತಾವೇ ವಸತಿಗೃಹಕ್ಕೆ ಬಂದರು. ಒಂದನೆಯ ಮಹಡಿಯಲ್ಲಿ ಕೋಟಿನ ಗುಂಡಿ ಬಿಚ್ಚಿದರು. ಎರಡನೆಯದರಲ್ಲಿ ಕೋಟು ಬಿಚ್ಚಿದರು. ಮೂರನೆಯದನ್ನು ಮುಟ್ಟಿದಾಗ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಬಾಗಿಲು ತೆಗೆದ ಮೂಲಕರ ಸ್ಥಿತಿಯೂ ಅದೇ.

ಒಳಗಿನಿಂದ ದನಿ ಬಂತು: “ಯಾರೇ ಅದು?”

“ಮ್ಯಾನೇಜರ್ ಸಾಹೇಬರು ಅಮ್ಮಾ.”

ಅತ್ತೆಯವರು ಮಗಳ ಕಡೆ ನೋಡಿದರು, ಅಳಿಯನ ಕಡೆ ನೋಡಿದರು. ಆಮೇಲೆ ಯಾರ ಮೂಲಕವೂ ಅಲ್ಲದೆ, ನೇರವಾಗಿ, ಬಾಯಿ ತೆರೆದರು.

“ಬಾಪ್ಪಾ, ಆ ಸ್ಟೂಲಿನ ಮೇಲೆ ಕೂತ್ಕೋ. ಸುಧಾರಿಸ್ಕೋ. ಮಂಡಿ ನೋವಾ?”

ಸಾಹೇಬರು ಹೌದೆಂದು ತಲೆಯಾಡಿಸಿದರು.

“ಎಡದ್ದಾ ಬಲದ್ದಾ?”

ಸಾಹೇಬರು ಎರಡನ್ನೂ ತೋರಿಸಿದರು.

“ಎಷ್ಟು ವಯಸ್ಸಪ್ಪ ನಿಂಗೆ? ನನ್ನ ಮಗನ ವಯಸ್ಸು. ನಿಂಗೇ ಹೀಗಾದ್ರೆ ನಂಗೆ ಹೇಗಾಗಿರಬೇಡ? ನಾನು ಕೆಳಗಿನ ಬೀದಿ ಮೆಟ್ಟಿಲ್ಲ. ತರಕಾರಿಯವನ ಮುಖ ನೋಡಿಲ್ಲ, ಬರೀ ನೆತ್ತಿ ನೋಡಿದೀನಿ. ಇವರು ಅರ್ಜಿ ಹಾಕಿದ್ದಾರಂತೆ. ಅದು ಯಾರ್ಯಾರ ಮೂಲಕವೋ ಹೋಗಿ ಎಲ್ಲೋ ಕೂತಿದೆಯಂತೆ. ಅದಕ್ಕೂ ಮಂಡಿ ನೋವಿರಬೇಕು. ನೀನು ಬಂದು ನೋಡಬೇಕಿತ್ತಂತೆ. ಬಂದೆಯಲ್ಲ, ನೋಡು.”

ಮೂಲಕರು ಕಣ್ಣು ಮುಚ್ಚಿಕೊಂಡರು. ಹೆಂಡತಿ ಸೆರಗನ್ನು ಬಾಯಿಗೆ ತುಂಬಿಕೊಂಡರು. ಸಾಹೇಬರು ಇಡೀ ಸೇವಾವಧಿಯಲ್ಲಿ ಮೊದಲ ಸಲ ನೋಡಿದರು. ಮಂಚ ನೋಡಿದರು, ಬಾಲ್ಕನಿಯ ಹಗ್ಗ ನೋಡಿದರು, ಬುಟ್ಟಿ ನೋಡಿದರು. ತಮ್ಮ ಮಂಡಿಯನ್ನೂ ಒಮ್ಮೆ ಒತ್ತಿ ನೋಡಿಕೊಂಡರು.

“ಆಗಲಿ ತಾಯಿ” ಎಂದರು.

ಮರುದಿನವೇ ಅರ್ಜಿ ಗುಡ್ಡದ ಬುಡದಿಂದ ಹೊರಬಂತು. ಸಾಹೇಬರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಸಹಿ ಹಾಕಿದರು. ಮೂಲಕರು ಹಾಕಿದ ಮೂವತ್ತೊಂಬತ್ತು ಮಾರ್ಕ್ಸು ಕತ್ತರಿಯವರ ಮೇಜು ದಾಟಿ, ಪಾಸಾಗುವಷ್ಟು ಉಳಿದುಕೊಂಡು, ಕೌನ್ಸಿಲ್ಲಿಗೆ ಹೋಯಿತು. ತನ್ನ ಸೋಲನ್ನು ಸಹಿ ಹಾಕಿ ಒಪ್ಪಿಕೊಂಡು, ತಿದ್ದಿಕೊಂಡು ಪಾಸಾದ ಅಧಿಕಾರಿಯನ್ನು ತಾವು ಕಂಡೇ ಇರಲಿಲ್ಲವೆಂದು ಸದಸ್ಯರು ಮೇಜು ಕುಟ್ಟಿದರು. ಸಾಹೇಬರು ಮುಂದುವರಿದರು. ಧಿಕ್ಕಾರ ಈಗ ಹೊಸ ಫ್ಯಾನಿನ ಅತಿವೇಗದ ವಿರುದ್ಧ ಹೋರಾಡುತ್ತಿದ್ದಾರೆ.

ಮನೆಯ ಕಾಗದವೂ ನಿಯಮದಂತೆ ಕೊನೆಯದಾಗಿ ಕತ್ತರಿಯವರ ಮೂಲಕ ಹಾದುಹೋಗಬೇಕಿತ್ತು. ಅದರಲ್ಲಿ ಮೂಲಕರು, ಜ್ಞಾನೋದಯಕ್ಕೆ ಬಹಳ ಮೊದಲು, ತಮ್ಮ ಕೈಯಾರೆ, ಕೆಳಗಿನ ಮನೆಯ ಅಳತೆ ನಾನೂರು ಚದರ ಅಡಿ ಎಂದು ಬರೆದಿದ್ದರು. ಇದ್ದದ್ದೂ ಅಷ್ಟೇ. ಕತ್ತರಿಯವರು ಅದನ್ನು ಮುನ್ನೂರ ಅರವತ್ತಕ್ಕೆ ಸೀಮಿತಗೊಳಿಸಿ, ಖುದ್ದಾಗಿ ಟೇಪು ಹಿಡಿದು ಬಂದು ಅಳೆದು, ಉಳಿದ ನಲವತ್ತಕ್ಕೆ ಬೀಗ ಹಾಕಿಸಿ ಹೋದರು.

ಅತ್ತೆಯವರು ಈಗ ನೆಲಮಹಡಿಯಲ್ಲಿದ್ದಾರೆ. ತರಕಾರಿಯವನ ಮುಖ ನೋಡಿಯೇ ಜಗಳವಾಡುತ್ತಾರೆ. ಬೀಗ ಬಿದ್ದದ್ದು ಬಚ್ಚಲಮನೆಗೆ. ಸ್ನಾನಕ್ಕೆ ಎಲ್ಲರೂ ಮೂರನೆಯ ಮಹಡಿಯಲ್ಲಿ ಖಾಲಿ ಬಿದ್ದಿರುವ ಹಳೆಯ ಮನೆಗೆ ಹತ್ತಿ ಹೋಗುತ್ತಾರೆ.